ಮಿಸ್ಸಮ್ಮನ ಹಳದಿ ಗುಳಿಗೆ

ಕಳೆದ ವಾರ ಟ್ರೈನಿಂಗ್ ಮುಗಿಸಿದ ಇಬ್ಬರು ಹುಡುಗಿಯರು ನನ್ನನ್ನು ನೋಡಲಿಕ್ಕೆ ಮನೆಗೆ ಬಂದಿದ್ದರು. ಜೂನಿನಲ್ಲಿ ಶಾಲೆಗೆ ಸೇರುವವರು. ‘ಈ ಕೆಲಸಕ್ಕೆ ಮುಖ್ಯವಾಗಿ ಎಂತ ಬೇಕು ಟೀಚರೇ?’ ಎಂದು ಕೇಳಿದರು. ಗಟ್ಟಿ ಗಂಟಲು ಬೇಕು, ಗಟ್ಟಿ ಕಾಲು ಬೇಕು, ಮಳೆಗಾಲಕ್ಕೆ ಎರಡು ಸೀರೆ ಹೆಚ್ಚಿಗೆ ಬೇಕು ಎಂದೆ. ನಕ್ಕು ಕಾಫಿ ಕುಡಿದು ಹೋದರು. ಅವರು ಹೋದ ಮೇಲೆ ಕೂತು ಯೋಚಿಸಿದೆ. ಇದ್ದದ್ದನ್ನು ಹೇಳಲೇ ಇಲ್ಲವಲ್ಲ ಅನಿಸಿತು. ಈ ಕೆಲಸದಲ್ಲಿ ಪಾಠಕ್ಕಿಂತ ಹೆಚ್ಚು ಇರುವುದು ಹೆದರಿಕೆ. ಊರವರ ಮಕ್ಕಳನ್ನು ದಿನವಿಡೀ ನಮ್ಮ ಕೈಯಲ್ಲಿ ಇಟ್ಟುಕೊಂಡು ಸಂಜೆ ಇದ್ದ ಹಾಗೆಯೇ ಹಿಂದೆ ಕೊಡಬೇಕು. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ. ನನಗೆ ಯಾವಾಗ ಗ್ರೇಡು ಸಿಕ್ಕಿತು, ಯಾವಾಗ ಹೆಡ್‌ಮಿಸ್ಟ್ರೆಸ್ ಆದೆ ಎಂಬುದನ್ನೆಲ್ಲ ಬರೆಯುವುದಿಲ್ಲ. ಅದನ್ನು ಓದಿ ಯಾರಿಗೂ ಏನೂ ಆಗಬೇಕಾಗಿಲ್ಲ.

ನಾನು ಹುಟ್ಟಾ ಪುಕ್ಕಲು. ಬಂಟ್ವಾಳದ ತುಳು ಕ್ರೈಸ್ತರ ಮನೆಯ ಹುಡುಗಿ, ಮಿಶನ್ನಿನ ಮಗ್ಗದ ಕಾರ್ಖಾನೆಯಲ್ಲಿ ದುಡಿಯುತ್ತಿದ್ದವರ ಮಗಳು. ಹೆಸರು ಸುಗುಣ. ಟ್ರೈನಿಂಗ್ ಮುಗಿದ ಕೂಡಲೇ ನಮ್ಮೂರ ಶಾಲೆಯಲ್ಲೇ ಕೆಲಸ ಸಿಕ್ಕಿತು. ಅಲ್ಲಿಗೆ ನೇತ್ರಾವತಿಯ ಆಚೆ ದಡದ ನರಿಕೊಂಬಿನಿಂದ ಮಕ್ಕಳು ದೋಣಿಯಲ್ಲಿ ಬರುತ್ತಿದ್ದರು. ಮಳೆಗಾಲದಲ್ಲಿ ಹೊಳೆ ಕೆಂಪಗೆ ಉಬ್ಬಿದಾಗ ನಾನು ಸಂಜೆ ದಡದಲ್ಲೇ ನಿಲ್ಲುತ್ತಿದ್ದೆ. ಆಚೆ ಮುಟ್ಟಿದ ಮೇಲೆ ದೋಣಿಯವನು ತಲೆಯ ಅಡಿಕೆ ಹಾಳೆಯ ಟೋಪಿ ತೆಗೆದು ಎತ್ತಿ ತೋರಿಸಬೇಕು ಎಂದು ಮಾತಾಗಿತ್ತು. ಆ ಟೋಪಿ ಕಾಣುವವರೆಗೆ ನನಗೆ ಜೀವ ಬಾಯಲ್ಲಿ. ಒಂದು ದಿನ ಅವನು ಎತ್ತಲು ಮರೆತು ಮನೆಗೆ ಹೋಗಿಬಿಟ್ಟ. ಮಳೆಯಲ್ಲಿ ನಿಂತು ನಿಂತು ನಾನು ಅತ್ತೇಬಿಟ್ಟೆ. ಮರುದಿನ ಅವನು, ‘ಎಂತ ಟೀಚರೇ, ಮಕ್ಕಳಿಗಿಂತ ನೀವೇ ಸಣ್ಣವರು’ ಎಂದು ತಮಾಷೆ ಮಾಡಿದ.

ಆಮೇಲೆ ಸ್ವಲ್ಪ ಕಾಲ ಬೆಳ್ತಂಗಡಿಯಲ್ಲಿದ್ದೆ. ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿಸುವುದು ಅಲ್ಲಿ ಇನ್ನೂ ನಡೆಯುತ್ತಿತ್ತು. ಇನ್ಸ್‌ಪೆಕ್ಟರು ಬಂದು, ‘ಇದೆಲ್ಲ ಇನ್ನು ಬೇಡ, ಸ್ಲೇಟು ತರಿಸಿ’ ಎಂದರು. ಸ್ಲೇಟು ಬಂದವು. ಇನ್ನೊಬ್ಬ ಇನ್ಸ್‌ಪೆಕ್ಟರು ಬಂದು, ‘ಬೆರಳಿಗೆ ಮರಳು ತಾಗಿದರೆ ಅಕ್ಷರ ಗುಂಡಗಾಗುತ್ತದೆ, ಯಾಕೆ ಬಿಟ್ಟಿರಿ?’ ಎಂದು ಬೈದರು. ಎರಡು ಸಲವೂ ನಾನು ‘ಆಯ್ತು ಸರ್’ ಎಂದೆ. ಅಷ್ಟರಲ್ಲಿ ರಾಜ್ಯ ಒಂದಾಗಿ ಮದರಾಸಿನ ಪುಸ್ತಕಗಳು ಹೋಗಿ ಮೈಸೂರಿನ ಪುಸ್ತಕಗಳು ಬಂದವು. ಹೊಸ ಪುಸ್ತಕದಲ್ಲಿ ನಮ್ಮ ಮಕ್ಕಳು ನೋಡದ ರಾಗಿ ಮುದ್ದೆಯ ಪಾಠವಿತ್ತು. ಅದನ್ನೂ ಕಲಿಸಿದೆ. ಮುದ್ದೆ ನಾನೂ ನೋಡಿರಲಿಲ್ಲ.

ನನ್ನ ಮೂರನೆಯ ಊರು ಮೂಡುಬಿದಿರೆ. ಮಿಶನ್ನಿನ ಹೆಣ್ಣುಮಕ್ಕಳ ಶಾಲೆ, ಎಂಟನೆಯ ಕ್ಲಾಸಿನವರೆಗೆ. ಪಕ್ಕದಲ್ಲಿ ನಮ್ಮ ಕ್ರೈಸ್ತ ಸಭೆಯ ಬಡ ಹುಡುಗಿಯರಿಗಾಗಿ ಒಂದು ಸಣ್ಣ ಬೋರ್ಡಿಂಗು. ಅದನ್ನು ನೋಡಿಕೊಳ್ಳುವ ಕೆಲಸವೂ ನನ್ನದೇ. ಮುಖ್ಯೋಪಾಧ್ಯಾಯರು ಜೋಯೆಲ್ ಮಾಸ್ತರು, ಕೋಟಿನ ಗುಂಡಿ ಒಂದೂ ಬಿಡದೆ ಹಾಕುವವರು, ನನಗಿಂತ ಹೆಚ್ಚು ಹೆದರುವವರು. ಅವರಿಗಿಂತ ಮೇಲೆ, ಮಿಶನ್ನಿನ ಪರವಾಗಿ, ಸ್ವಿಟ್ಜರ್ಲೆಂಡಿನಿಂದ ಬಂದ ಮಿಸ್ ಮಾರ್ತಾ. ಊರಿಗೆಲ್ಲ ಅವರು ಮಿಸ್ಸಮ್ಮ.

ಮಿಸ್ಸಮ್ಮ ಕನ್ನಡ ಕಲಿತದ್ದು ವ್ಯಾಕರಣದ ಪುಸ್ತಕದಿಂದ ಮತ್ತು ಸತ್ಯವೇದದಿಂದ. ‘ಬಾರೋ’ ಎನ್ನಬೇಕಾದಲ್ಲಿ ‘ಬರುವವನಾಗು’ ಎನ್ನುತ್ತಿದ್ದರು. ಬೆಳಿಗ್ಗೆ ಬೋರ್ಡಿಂಗಿನ ಗಂಟೆ ಹೊಡೆಯುವ ಮೊದಲೇ ಎದ್ದು ಸೆಗಣಿ ಸಾರಿಸಿದ ನೆಲದಲ್ಲಿ ಮೊಣಕಾಲೂರಿ ಪ್ರಾರ್ಥನೆ ಮಾಡುವರು. ಆಮೇಲೆ ಬಾವಿಯ ನೀರನ್ನು ಬಟ್ಟೆಯಲ್ಲಿ ಸೋಸಿ ಕುದಿಸುವರು. ಹತ್ತು ಗಂಟೆಗೆ ಹುಡುಗಿಯರ ಜೊತೆ ಗಂಜಿ, ಉಪ್ಪಿನಕಾಯಿ. ಮಧ್ಯಾಹ್ನದ ಮೇಲೆ ಸೈಕಲ್ ಹತ್ತಿ, ಶಾಲೆಗೆ ಬಾರದ ಮಕ್ಕಳ ಮನೆಗಳಿಗೆ ಹೋಗುವರು. ಗೋಡೆಯಲ್ಲಿ ಹಿಮದ ಗುಡ್ಡದ ಒಂದು ಚಿತ್ರ, ಅದರ ಕೆಳಗೆ ಅವರ ತಾಯಿಯ ಫೋಟೋ. ಅಂಚೆಯವನು ಬರುವ ಹೊತ್ತಿಗೆ ಏನೋ ಕೆಲಸವಿದ್ದ ಹಾಗೆ ಗೇಟಿನ ಹತ್ತಿರ ಸುಳಿಯುತ್ತಿದ್ದರು. ಅದನ್ನು ನಾವು ನೋಡಿಯೂ ನೋಡದ ಹಾಗೆ ಇರುತ್ತಿದ್ದೆವು.

ಶಾಲೆಯಲ್ಲಿ ಬೆತ್ತ ನಿಂತದ್ದು ಅವರಿಂದ. ಒಂದು ಸಲ ಸ್ಲೇಟು ಒಡೆದವಳು ಇವಳೇ ಎಂದು ಒಬ್ಬ ಹುಡುಗಿಯನ್ನು ಗದರಿಸಿದರು. ಒಡೆದದ್ದು ಅವಳಲ್ಲ ಎಂದು ಆಮೇಲೆ ಗೊತ್ತಾಯಿತು. ಮರುದಿನ ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಎಲ್ಲ ಮಕ್ಕಳ ಎದುರು ಆ ಹುಡುಗಿಯನ್ನು ಕರೆದು, ‘ನಾನು ನಿನಗೆ ಅನ್ಯಾಯ ಮಾಡಿದೆನು, ನನ್ನನ್ನು ಕ್ಷಮಿಸು’ ಎಂದರು. ಹುಡುಗಿ ಹೆದರಿ ಅತ್ತಳು. ಜೋಯೆಲ್ ಮಾಸ್ತರ ಮುಖ ಕಪ್ಪಿಟ್ಟಿತು. ‘ಮಕ್ಕಳ ಎದುರು ತಪ್ಪಾಯ್ತು ಅಂದ್ರೆ ನಾಳೆ ನಮ್ಮ ಮಾತು ಯಾರು ಕೇಳ್ತಾರೆ ಟೀಚರೇ?’ ಎಂದು ನನ್ನ ಹತ್ತಿರ ಗೊಣಗಿದರು. ನನಗೂ ಹಾಗೆಯೇ ಅನಿಸಿತ್ತು.

ಆ ಕಾಲದಲ್ಲಿ ನಮಗೆ ಹೆದರಿಕೆಗೆ ಕಾರಣ ಬೇಕಾದಷ್ಟಿತ್ತು. ಪರದೇಶದ ಮಿಶನ್ನಿನವರು ಇಲ್ಲಿ ಇರಬೇಕಾದರೆ ಸರಕಾರದ ಪರವಾನಗಿ ಬೇಕು, ಅದನ್ನು ಮತ್ತೆ ಮತ್ತೆ ಹೊಸದು ಮಾಡಿಸಬೇಕು. ಆಗಾಗ ಒಬ್ಬ ಪೊಲೀಸಿನವನು ಬಂದು, ‘ಯಾರನ್ನಾದರೂ ನಿಮ್ಮ ಜಾತಿಗೆ ಸೇರಿಸಿಕೊಂಡಿದ್ದೀರಾ?’ ಎಂದು ಕೇಳುತ್ತಿದ್ದ. ಪೇಟೆಯಲ್ಲೂ ಮಾತಿತ್ತು: ಮಿಸ್ಸಮ್ಮ ಪಾಠದ ಹೆಸರಲ್ಲಿ ಮಕ್ಕಳ ಜಾತಿ ಕೆಡಿಸುತ್ತಾಳೆ ಎಂದು. ಅಂಥ ಮಾತಿನ ನಡುವೆಯೂ ಕೆಲವು ಜೈನರ ಮನೆಯವರು ಧೈರ್ಯ ಮಾಡಿ ಹೆಣ್ಣುಮಕ್ಕಳನ್ನು ಕಳಿಸುತ್ತಿದ್ದರು. ಅವರಲ್ಲಿ ಒಬ್ಬಳು ಸುಮತಿ.

ಸುಮತಿಯ ಅಜ್ಜ ವೇಣೂರಿನ ಒಂದು ಸಣ್ಣ ಬಸದಿಯಲ್ಲಿ ಪೂಜೆ ಮಾಡುವವರು. ಬಸದಿಯ ಪುರೋಹಿತರಿಗೆ ನಮ್ಮಲ್ಲಿ ಇಂದ್ರರು ಎನ್ನುತ್ತಾರೆ. ಆ ನೇಮಿರಾಜ ಇಂದ್ರರು ಮಾತು ಕಡಿಮೆಯ ಮನುಷ್ಯ. ತಂದೆಯಿಲ್ಲದ ಮೊಮ್ಮಗಳು ಓದಿನಲ್ಲಿ ಚುರುಕು. ವೇಣೂರಿನಲ್ಲಿ ಐದರ ಮೇಲೆ ಕ್ಲಾಸಿರಲಿಲ್ಲ. ಮೂಡುಬಿದಿರೆಯಲ್ಲಿದ್ದ ಸೋದರತ್ತೆಯ ಮನೆಯಲ್ಲಿ ಅವಳನ್ನು ಬಿಟ್ಟು ನಮ್ಮ ಶಾಲೆಗೆ ಕಳಿಸಿ ಎಂದು ಕೇಳಲಿಕ್ಕೆ ಹೋದವಳು ನಾನೇ. ಇಂದ್ರರು ಒಂದೇ ಮಾತು ಹೇಳಿದರು: ‘ನಿಮ್ಮಲ್ಲಿ ನಮ್ಮ ಮಗುವಿನ ಬಾಯಿಗೆ ಎಂತದೂ ಹೋಗಬಾರದು ಟೀಚರಮ್ಮ.’ ‘ನೀರು ಕೂಡ ನಿಮ್ಮ ಮನೆಯದ್ದೇ ಆಗ್ತದೆ. ನಾನು ನೋಡಿಕೊಳ್ತೇನೆ’ ಎಂದು ಮಾತು ಕೊಟ್ಟೆ. ಸುಮತಿ ಪ್ರತಿದಿನ ಒಂದು ಹಿತ್ತಾಳೆಯ ಚೊಂಬಿನಲ್ಲಿ ನೀರು ತರುತ್ತಿದ್ದಳು. ಅದು ಅವಳ ಬೆಂಚಿನ ಕೆಳಗೇ ಇರುತ್ತಿತ್ತು.

ಅವಳು ಎಂಟನೆಯ ಕ್ಲಾಸಿಗೆ ಬಂದಳು. ಆ ವರ್ಷದ ಪಬ್ಲಿಕ್ ಪರೀಕ್ಷೆ ಪಾಸಾದರೆ ಟ್ರೈನಿಂಗಿಗೆ ಸೇರಿ ಟೀಚರಾಗಬಹುದು. ಅವಳಿಗೆ ಅದೊಂದೇ ಹುಚ್ಚು. ಪರೀಕ್ಷೆಯ ಮಕ್ಕಳಿಗೆ ಸಂಜೆ ಹೆಚ್ಚಿನ ಪಾಠ ಮಾಡುತ್ತಿದ್ದೆವು. ಒಂದು ಸಂಜೆ ಪಾಠ ಬಿಟ್ಟು ಇಳಿಯುವಾಗ ಶಾಲೆಯ ಕಲ್ಲಿನ ಮೆಟ್ಟಿಲಲ್ಲಿ ಅವಳು ಮುಗ್ಗರಿಸಿ ಬಿದ್ದಳು. ಮೂರನೆಯ ಮೆಟ್ಟಿಲು ಒಡೆದದ್ದು ಎಲ್ಲರಿಗೂ ಗೊತ್ತು, ಅವಳಿಗೂ ಗೊತ್ತು. ಇನ್ನೊಂದು ದಿನ ಬಾಗಿಲಿನ ದಾರಂದಕ್ಕೆ ಹಣೆ ಬಡಿಸಿಕೊಂಡಳು. ಹಗಲಿನಲ್ಲಿ ಏನೂ ತೊಂದರೆಯಿಲ್ಲ. ಹೊತ್ತು ಇಳಿದರೆ ಕೈಯಿಂದ ಗೋಡೆ ಮುಟ್ಟಿಕೊಂಡು ನಡೆಯುತ್ತಿದ್ದಳು.

‘ಇದು ಇರುಳುಗಣ್ಣು’ ಎಂದು ಮಿಸ್ಸಮ್ಮ ಕೂಡಲೇ ಹೇಳಿದರು. ಹುಡುಗಿ ಕಡ್ಡಿಯ ಹಾಗಿದ್ದಳು. ಸೂರ್ಯ ಮುಳುಗಿದ ಮೇಲೆ ಜೈನರಲ್ಲಿ ಉಣ್ಣುವುದಿಲ್ಲ. ಸಂಜೆ ಪಾಠ ಮುಗಿಸಿ ಹೋಗುವಾಗ ಎಷ್ಟೋ ದಿನ ಹೊತ್ತು ಮೀರಿ ಹೋಗುತ್ತಿತ್ತು, ಬರಿಹೊಟ್ಟೆಯಲ್ಲೇ ಮಲಗುತ್ತಿದ್ದಳು. ಮಳೆಗಾಲದ ನಾಲ್ಕು ತಿಂಗಳು ಸೊಪ್ಪು ತಿನ್ನುವುದಿಲ್ಲ ಎಂಬ ವ್ರತ ಬೇರೆ. ಅವಳ ಅತ್ತೆಯನ್ನು ಕಂಡು, ಮದ್ದು ಕೊಡಬಹುದೇ ಎಂದು ಮಿಸ್ಸಮ್ಮ ಕೇಳಿದರು. ‘ಇಂಗ್ಲಿಷ್ ಮದ್ದು ತಾನೇ, ಕೊಡಿ. ಕಣ್ಣು ಸರಿಯಾಗದಿದ್ರೆ ನನ್ನ ಅಪ್ಪ ಅವಳನ್ನು ಶಾಲೆ ಬಿಡಿಸ್ತಾರೆ’ ಎಂದರು ಆಕೆ. ಅಂದಿನಿಂದ ಮಧ್ಯಾಹ್ನ ಮಿಸ್ಸಮ್ಮ ತಮ್ಮ ಕೋಣೆಯಿಂದ ಒಂದು ಹಳದಿ ಗುಳಿಗೆ ತಂದು ಅವಳ ಅಂಗೈಯಲ್ಲಿ ಇಡುವರು. ಅವಳು ಕಣ್ಣು ಮುಚ್ಚಿ, ತನ್ನ ಚೊಂಬಿನ ನೀರಿನಲ್ಲಿ ನುಂಗುವಳು. ಆಟಿ, ಎಂದರೆ ಆಷಾಢ, ಮುಗಿಯುವ ಹೊತ್ತಿಗೆ ಗೋಡೆ ಮುಟ್ಟುವುದು ನಿಂತಿತು. ನಾನು ದೇವರಿಗೆ ಸ್ತೋತ್ರ ಹೇಳಿದೆ.

ಅಷ್ಟಕ್ಕೇ ಮುಗಿದಿದ್ದರೆ ಇದನ್ನು ಬರೆಯಬೇಕಾಗಿರಲಿಲ್ಲ. ಪರದೇಶದಿಂದ ಬಡ ಮಕ್ಕಳಿಗೆಂದು ಹಾಲಿನ ಪುಡಿಯ ಜೊತೆ ಅದೇ ಗುಳಿಗೆಯ ಇನ್ನೊಂದು ದೊಡ್ಡ ಡಬ್ಬ ಬಂತು. ಬೋರ್ಡಿಂಗಿನ ಎಲ್ಲರಿಗೂ ಒಂದೊಂದು ಕೊಡಲು ಮಿಸ್ಸಮ್ಮ ಹೇಳಿದರು. ಸಾಲಾಗಿ ನಿಲ್ಲಿಸಿ ಕೊಟ್ಟೆ. ಲಿಲ್ಲಿ ಎಂಬ ಹುಡುಗಿ ನುಂಗದೆ ಜಗಿದುಬಿಟ್ಟಳು. ಜಗಿದು ಕಣ್ಣರಳಿಸಿದಳು.

‘ಟೀಚರೇ, ಇದರಲ್ಲಿ ಬೂತಾಯಿ ವಾಸನೆ! ಮೀನಿದು ಟೀಚರೇ, ಮೀನು!’

ಉಳಿದವರೆಲ್ಲ ಕಚಕಚ ಜಗಿಯಲು ಸುರು ಮಾಡಿದರು. ತಿಂಗಳಿನಿಂದ ಮೀನು ಕಾಣದ ಮಕ್ಕಳು, ಅವರಿಗೆ ಹಬ್ಬ. ನನಗೆ ಮಾತ್ರ ಸುಮತಿಯ ನೆನಪಾಯಿತು. ಡಬ್ಬವನ್ನು ಅಲ್ಲೇ ಬಿಟ್ಟು ಮಿಸ್ಸಮ್ಮನ ಕೋಣೆಗೆ ಓಡಿದೆ.

‘ಹೌದು, ಮೀನಿನ ಯಕೃತ್ತಿನ ಎಣ್ಣೆ. ಅದು ಔಷಧ’ ಎಂದರು ಅವರು, ಏನೂ ಆಗದವರ ಹಾಗೆ.

‘ಸುಮತಿಗೆ ಕೊಟ್ಟದ್ದೂ ಇದೇನಾ ಮಿಸ್ಸಮ್ಮ?’

ಅವರು ಹೌದೆನ್ನಲು ಬಾಯಿ ತೆರೆದವರು ಅಲ್ಲೇ ನಿಂತರು. ಅವರ ಊರಿನಲ್ಲಿ ಚಳಿಗಾಲಕ್ಕೆ ಪ್ರತಿ ಮಗುವಿಗೂ ತಾಯಿ ಕುಡಿಸುವ ಎಣ್ಣೆಯಂತೆ ಅದು. ಅದನ್ನು ಯಾರೂ ಮೀನು ಎಂದು ಎಣಿಸುವುದಿಲ್ಲವಂತೆ. ಜೈನರು ಮಾಂಸ ಮೀನು ಮುಟ್ಟುವುದಿಲ್ಲ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಔಷಧದ ಶೀಷೆ ಅವರ ತಲೆಯಲ್ಲಿ ಬೇರೆಯೇ ಕಪಾಟಿನಲ್ಲಿತ್ತು, ಅಷ್ಟೇ. ಅವರು ನಿಧಾನವಾಗಿ ಮಂಚದ ಮೇಲೆ ಕೂತರು.

ಜೋಯೆಲ್ ಮಾಸ್ತರಿಗೆ ಹೇಳಿದಾಗ ಅವರು ಮೊದಲು ಬಾಗಿಲು ಹಾಕಿಕೊಂಡರು. ‘ಗುಳಿಗೆ ನುಂಗಿ ಆಯ್ತು, ಕಣ್ಣು ಬಂದೂ ಆಯ್ತು. ಇನ್ನು ಇದನ್ನು ಯಾರೂ ಬಾಯಿ ಬಿಡುವುದು ಬೇಡ. ಮಿಸ್ಸಮ್ಮನ ಪರವಾನಗಿಯ ಕಾಗದ ಹೋಗಿದೆ, ಉತ್ತರ ಬಂದಿಲ್ಲ. ಈಗ ಇದೊಂದು ಎದ್ದರೆ ಅವರೂ ಇಲ್ಲ, ಶಾಲೆಯೂ ಇಲ್ಲ. ಗೊತ್ತುಂಟಾ?’ ನನಗೆ ಅವರ ಮಾತು ಸರಿಯೆಂದೇ ಕಂಡಿತು. ನನ್ನ ಕಣ್ಣ ಮುಂದೆ ಇದ್ದದ್ದು ಶಾಲೆಯೂ ಅಲ್ಲ, ಪರವಾನಗಿಯೂ ಅಲ್ಲ. ಗೊತ್ತಾದರೆ ಸುಮತಿಯ ಓದು ಅಲ್ಲಿಗೇ ನಿಲ್ಲುತ್ತದೆ, ಪರೀಕ್ಷೆಗೆ ಇನ್ನು ಕೆಲವೇ ತಿಂಗಳು. ‘ನಾನು ನೋಡಿಕೊಳ್ತೇನೆ’ ಎಂದು ಮಾತು ಕೊಟ್ಟವಳು ನಾನು.

ಮಿಸ್ಸಮ್ಮ ಗುಳಿಗೆ ಕೊಡುವುದನ್ನು ನಿಲ್ಲಿಸಿದರು. ಎರಡು ಮೂರು ದಿನ ಗಂಜಿ ಮುಟ್ಟಲಿಲ್ಲ. ಆಮೇಲೆ ಒಂದು ಶನಿವಾರ ಟೊಪ್ಪಿ ಹಾಕಿ ಬಂದು, ‘ಸುಗುಣ, ನಾವು ವೇಣೂರಿಗೆ ಹೋಗೋಣ. ಅಜ್ಜನಿಗೆ ಹೇಳಬೇಕು’ ಎಂದರು. ಜೈನರ ಹತ್ತು ದಿನದ ದಶಲಕ್ಷಣ ಪರ್ವ ಸುರುವಾಗಿ ಸುಮತಿ ಊರಿಗೆ ಹೋಗಿದ್ದಳು. ಪರ್ವದ ದಿನ ಹೋಗಿ, ನಿಮ್ಮ ಮಗುವಿಗೆ ಮೀನು ತಿನ್ನಿಸಿದ್ದೇವೆ ಎಂದು ಹೇಳುವುದೆಂದರೆ! ಜೋಯೆಲ್ ಮಾಸ್ತರು ಗೇಟಿನವರೆಗೆ ಬೆನ್ನಟ್ಟಿ ಬಂದು ಬೇಡಿಕೊಂಡರು. ಮಿಸ್ಸಮ್ಮ ಕೇಳಲಿಲ್ಲ. ನಾನು ಹಿಂದೆಯೇ ಹೋದೆ, ಅವರೊಬ್ಬರನ್ನೇ ಬಿಡಲಿಕ್ಕೂ ಹೆದರಿಕೆ.

ಬಸ್ಸಿನಲ್ಲಿ ದಾರಿಯುದ್ದಕ್ಕೂ ನಾನು ವಾದ ಮಾಡಿದೆ. ಮೆಲ್ಲಗೆ, ಮುಂದಿನ ಸೀಟಿನವರಿಗೆ ಕೇಳದ ಹಾಗೆ.

‘ಅವಳನ್ನು ಶಾಲೆ ಬಿಡಿಸ್ತಾರೆ ಮಿಸ್ಸಮ್ಮ. ಅದು ನಿಮಗೆ ಸರಿ ಕಾಣ್ತದಾ?’

‘ಸರಿ ಕಾಣುವುದಿಲ್ಲ. ಅದನ್ನು ನೆನೆಸಿ ನಾನು ನಡುಗುತ್ತೇನೆ.’

‘ಮತ್ತೆ? ದೇವರ ಹತ್ರ ತಪ್ಪಾಯ್ತು ಅಂತ ಹೇಳಿದಿರಲ್ಲ, ಸಾಲದಾ?’

‘ದೇವರ ಬಾಯಿಗೆ ನಾನು ಗುಳಿಗೆ ಹಾಕಲಿಲ್ಲ, ಸುಗುಣ.’

ಬಸ್ಸು ಕೆಟ್ಟು ನಿಲ್ಲಲಿ ಎಂದು ಮನಸ್ಸಿನಲ್ಲೇ ಪ್ರಾರ್ಥನೆ ಮಾಡಿದೆ. ಬೇರೆ ದಿನ ಎರಡು ಸಲ ನಿಲ್ಲುವ ಬಸ್ಸು ಅಂದು ಹೊತ್ತಿಗೆ ಮೊದಲೇ ಮುಟ್ಟಿತು.

ಇಂದ್ರರು ಜಗಲಿಯಲ್ಲಿ ಕೂತಿದ್ದರು. ನಮ್ಮನ್ನು ಕಂಡು ಎದ್ದು ಚಾಪೆ ಹಾಕಿಸಿದರು. ಸುಮತಿ ನಗುತ್ತಾ, ಮನೆಗೆ ಬಂದವರಿಗೆ ಮೊದಲು ಕೊಡುವ ಬೆಲ್ಲ ನೀರನ್ನು ತಟ್ಟೆಯಲ್ಲಿ ತಂದಿಟ್ಟು ಒಳಗೆ ಹೋದಳು. ಮಿಸ್ಸಮ್ಮ ಕೂರಲಿಲ್ಲ. ನಿಂತುಕೊಂಡೇ ತಮ್ಮ ಪುಸ್ತಕದ ಕನ್ನಡದಲ್ಲಿ ಹೇಳಿದರು:

‘ನಿಮ್ಮ ಮೊಮ್ಮಗಳ ಕಣ್ಣಿಗೆಂದು ನಾನು ಕೊಟ್ಟ ಗುಳಿಗೆಯಲ್ಲಿ ಮೀನಿನ ಎಣ್ಣೆ ಇತ್ತು. ನಾನು ಯೋಚಿಸದೆ ಕೊಟ್ಟೆನು. ಈ ಟೀಚರಿಗೆ ಗೊತ್ತಿರಲಿಲ್ಲ. ಮಗುವಿಗೂ ಗೊತ್ತಿಲ್ಲ. ತಪ್ಪು ನನ್ನದು ಮಾತ್ರ.’

ಇಂದ್ರರು ಅವರನ್ನೇ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಆ ನೋಟದ ಎದುರು ನಾನು ಹೇಗೆ ನಿಂತಿದ್ದೆನೋ ನನಗೇ ಗೊತ್ತಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

‘ನೀವು ಹೇಳದಿದ್ರೆ ನನಗೆ ಗೊತ್ತಾಗ್ತಿರಲಿಲ್ಲ’ ಎಂದರು ಕೊನೆಗೆ.

‘ಹೌದು’ ಎಂದರು ಮಿಸ್ಸಮ್ಮ.

ಇಂದ್ರರು ಒಳಗಿನವರನ್ನು ಕರೆದು ಬೆಲ್ಲ ನೀರಿನ ತಟ್ಟೆಯನ್ನು ತೆಗೆಸಿದರು. ನಾವು ಅದನ್ನು ಇನ್ನೂ ಮುಟ್ಟಿರಲಿಲ್ಲ. ‘ಇನ್ನು ಹುಡುಗಿ ಅಲ್ಲಿಗೆ ಬರುವುದಿಲ್ಲ ಟೀಚರಮ್ಮ’ ಎಂದು ನನಗೆ ಹೇಳಿ ಎದ್ದು ನಿಂತರು. ನಾವು ಅಂಗಳಕ್ಕಿಳಿದ ಮೇಲೆ ಮಿಸ್ಸಮ್ಮ ತಿರುಗಿ, ‘ಅವಳಿಗೆ ಪಪ್ಪಾಯಿ ಹಣ್ಣು ಕೊಡಿರಿ, ಹಾಲು ತುಪ್ಪ ಕೊಡಿರಿ. ದಯಮಾಡಿ ದಿನವೂ ಕೊಡಿರಿ. ಇಲ್ಲದಿದ್ದರೆ ಕಣ್ಣು ಮತ್ತೆ ಮಂಜಾಗುತ್ತದೆ’ ಎಂದರು.

ಹಿಂದೆ ಬರುವಾಗ ಬಸ್ಸಿನಲ್ಲಿ ನಾನು ಅವರ ಜೊತೆ ಮಾತಾಡಲಿಲ್ಲ. ನನಗೆ ಅವರ ಮೇಲೆ ವಿಪರೀತ ಸಿಟ್ಟು ಬಂದಿತ್ತು. ತಮ್ಮ ಮನಸ್ಸು ಹಗುರ ಮಾಡಿಕೊಳ್ಳಲಿಕ್ಕೆ ಒಂದು ಹುಡುಗಿಯ ಓದನ್ನು ಬಲಿ ಕೊಟ್ಟರಲ್ಲ ಎಂದು. ಅವರು ಕಿಟಕಿಯ ಕಡೆ ಮುಖ ಮಾಡಿ ಅಳುತ್ತಿದ್ದರು. ಅದೂ ನನಗೆ ಸಮಾಧಾನ ತರಲಿಲ್ಲ.

ಮುಂದಿನ ದಿನಗಳೆಲ್ಲ ಹೆದರಿಕೆಯಲ್ಲೇ ಹೋದವು. ಬೆಳಿಗ್ಗೆ ಗೇಟಿನಲ್ಲಿ ನಿಂತು, ಉಳಿದ ಜೈನ ಹುಡುಗಿಯರು ಬರುತ್ತಾರೋ ಇಲ್ಲವೋ ಎಂದು ದಾರಿ ನೋಡುವುದು. ಒಬ್ಬಳು ತಡವಾದರೂ ಸುದ್ದಿ ಹಬ್ಬಿತು ಎಂದೇ ಲೆಕ್ಕ. ಪರ್ವದ ಪೂಜೆ ಮುಗಿಸಿ ಅವರು ತಡವಾಗಿ ಬರುತ್ತಿದ್ದರು, ಆದರೆ ಬರುತ್ತಿದ್ದರು. ಅಂದರೆ ಇಂದ್ರರು ಯಾರಿಗೂ ಹೇಳಿಲ್ಲ. ಯಾಕೆ ಹೇಳಿಲ್ಲ ಎಂದು ಅದಕ್ಕೂ ಹೆದರಿಕೆ. ಒಂದು ಮಧ್ಯಾಹ್ನ ಪೊಲೀಸಿನವನ ಸೈಕಲ್ಲು ಗೇಟಿನೊಳಗೆ ಬಂತು. ಜೋಯೆಲ್ ಮಾಸ್ತರು ಕೋಟು ಹಾಕಿ ಗುಂಡಿ ತಪ್ಪಾಗಿ ಸೇರಿಸಿಕೊಂಡು ಹೊರಗೆ ಬಂದರು. ಅವನು ‘ಮಿಸ್ಸಮ್ಮ ಇಲ್ಲಿಯೇ ಇದ್ದಾರಲ್ಲಾ?’ ಎಂದು ಕೇಳಿ, ಒಂದು ಲೋಟ ನೀರು ಕುಡಿದು ಹೋದ. ಅಂದು ಮಾಸ್ತರು ಮತ್ತೆ ಪಾಠ ಮಾಡಲಿಲ್ಲ.

ಸುಮತಿಯ ಬೆಂಚಿನ ತುದಿ ಖಾಲಿಯಾಗಿಯೇ ಇತ್ತು. ಬೇರೆಯವರು ಅಲ್ಲಿಗೆ ಸರಿಯದ ಹಾಗೆ ನಾನು ನೋಡಿಕೊಂಡೆ. ಮಿಸ್ಸಮ್ಮ ಎಂದಿನ ಹಾಗೆ ಎದ್ದರು, ಪ್ರಾರ್ಥನೆ ಮಾಡಿದರು, ನೀರು ಕುದಿಸಿದರು. ಸೈಕಲ್ಲನ್ನು ಮಾತ್ರ ಹೊರಗೆ ತೆಗೆಯಲಿಲ್ಲ. ‘ಇನ್ನು ಯಾರ ಮನೆಯ ಬಾಗಿಲಿಗೆ ಹೋಗಲಿ?’ ಎಂದು ಒಮ್ಮೆ ಕೇಳಿದರು. ಹಾಗೆ ಕೇಳಿದಾಗ ನನ್ನ ಸಿಟ್ಟು ಅರ್ಧ ಇಳಿಯಿತು.

ಪರ್ವ ಮುಗಿದ ಮರುದಿನವೋ ಏನೋ, ಆಕಾಶ ತುಂಬ ಮೋಡ. ಸಂಜೆಯ ಪಾಠಕ್ಕೆ ಮಕ್ಕಳನ್ನು ಕೂರಿಸುತ್ತಿದ್ದೆ. ಕಿಟಕಿಯಲ್ಲಿ ನೋಡಿದರೆ ಬಿಳಿ ಪಂಚೆ, ಕೈಯಲ್ಲಿ ಕೊಡೆ, ಇಂದ್ರರು ಗೇಟು ದಾಟಿ ಬರುತ್ತಿದ್ದಾರೆ. ಹಿಂದೆ ಸುಮತಿ. ಊರವರನ್ನೂ ಕರಕೊಂಡು ಬಂದರೋ ಎಂದು ದಾರಿಯ ಕಡೆ ನೋಡಿದೆ, ಬೇರೆ ಯಾರೂ ಇರಲಿಲ್ಲ. ಇಂದ್ರರು ಚಪ್ಪಲಿ ಕೆಳಗೆ ಬಿಟ್ಟು ಮೆಟ್ಟಿಲು ಹತ್ತಿ ಬಂದರು. ಮಿಸ್ಸಮ್ಮ ಕೋಣೆಯಿಂದ ಹೊರಗೆ ಬಂದು ನಿಂತರು. ಜೋಯೆಲ್ ಮಾಸ್ತರು ಕಂಬದ ಹಿಂದಿದ್ದರು.

ಇಂದ್ರರು ಕೊಡೆಯನ್ನು ಗೋಡೆಗೆ ಒರಗಿಸಿ, ಮಿಸ್ಸಮ್ಮನ ಎದುರು ಎರಡೂ ಕೈ ಜೋಡಿಸಿದರು.

‘ಇವತ್ತು ನಮ್ಮಲ್ಲಿ ಕ್ಷಮಾವಣಿ. ಒಬ್ಬರಿಗೊಬ್ಬರು ಕ್ಷಮೆ ಕೇಳುವ ದಿವಸ. ಮನಸ್ಸಿನಿಂದಲೋ ಮಾತಿನಿಂದಲೋ ನಡತೆಯಿಂದಲೋ ನನ್ನಿಂದ ನಿಮಗೆ ನೋವಾಗಿದ್ರೆ ಕ್ಷಮಿಸಬೇಕು.’

ಮಿಸ್ಸಮ್ಮನಿಗೆ ಅರ್ಥವಾಗಲಿಲ್ಲ. ‘ತಪ್ಪು ಮಾಡಿದವಳು ನಾನು’ ಎಂದು ತೊದಲಿದರು.

‘ಅದು ನಿಮ್ಮದು. ನಾನು ಕೇಳುವುದು ನನ್ನದನ್ನು. ಬಾಗಿಲಿಗೆ ಬಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದವರ ಎದುರಿನಿಂದ ಬೆಲ್ಲ ನೀರು ತೆಗೆಸಿದವ ನಾನು. ಮತ್ತೆ, ತಪ್ಪೆಲ್ಲ ನಿಮ್ಮ ತಲೆಗೇ ಕಟ್ಟಿದೆ. ಹಾಗಲ್ಲ ಅಂತ ಇವತ್ತು ಬೆಳಿಗ್ಗೆ ಗೊತ್ತಾಯ್ತು.’ ಅವರು ಮೊಮ್ಮಗಳ ಕಡೆ ತಿರುಗಿದರು. ‘ಹೇಳು ಮಗಾ. ನನಗೆ ಹೇಳಿದ್ದನ್ನು ಇವರಿಗೂ ಹೇಳು.’

ಸುಮತಿ ತಲೆ ತಗ್ಗಿಸಿದಳು. ಕೈ ಜೋಡಿಸಿಕೊಂಡೇ ಇದ್ದಳು.

‘ನನಗೆ ಮೊದಲ ದಿವಸವೇ ಗೊತ್ತಾಗಿತ್ತು. ಗುಳಿಗೆ ನುಂಗಿದ ಮೇಲೆ ತೇಗು ಬಂತು. ತೇಗಿನಲ್ಲಿ ವಾಸನೆ ಉಂಟಲ್ಲ, ಅದು ಅತ್ತೆ ಮನೆ ಎದುರು ಮೀನಿನ ಬುಟ್ಟಿ ಹೋಗುವಾಗ ಬರುವ ವಾಸನೆ.’

‘ಗೊತ್ತಾದ ಮೇಲೂ ದಿನಾ ನುಂಗಿದೆಯಾ?’ ಎಂದು ಕೇಳಿದೆ.

‘ಬಿಟ್ರೆ ಕಣ್ಣು ಹೋಗ್ತದೆ. ಕಣ್ಣು ಹೋದ್ರೆ ಶಾಲೆ ಬಿಡಿಸ್ತಾರೆ. ಹೆದರಿಕೆ ಆಯ್ತು ಟೀಚರೇ. ಮಿಸ್ಸಮ್ಮ ಜಗಲಿಯಲ್ಲಿ ಹೇಳುವಾಗ ನಾನು ಬಾಗಿಲ ಹಿಂದೆ ಇದ್ದೆ. ಮಗುವಿಗೆ ಗೊತ್ತಿಲ್ಲ, ತಪ್ಪು ನನ್ನದು ಮಾತ್ರ ಅಂದ್ರಲ್ಲ. ಮತ್ತೆ ನನಗೆ ಊಟವೇ ಸೇರಲಿಲ್ಲ.’

ಮಿಸ್ಸಮ್ಮ ಅವಳನ್ನು ಅಪ್ಪಿಕೊಳ್ಳಲು ಕೈ ಮುಂದೆ ಮಾಡಿದವರು, ಮುಟ್ಟಬಹುದೋ ಬಾರದೋ ಎಂದು ಗೊತ್ತಾಗದೆ ಹಿಂದೆ ತೆಗೆದುಕೊಂಡರು. ಆಮೇಲೆ ಇಂದ್ರರ ಹಾಗೆಯೇ ಕೈ ಜೋಡಿಸಿ, ‘ನನ್ನನ್ನೂ ಕ್ಷಮಿಸಿರಿ’ ಎಂದರು. ಜೋಯೆಲ್ ಮಾಸ್ತರು ಕಂಬದ ಹಿಂದಿನಿಂದ ಬಂದು ಯಾರಿಗೆಂದಿಲ್ಲದೆ ಕೈ ಮುಗಿದರು. ನನಗೆ ಅಳು ತಡೆಯಲಿಲ್ಲ. ಇಷ್ಟು ದಿನ ಈ ಹೆದರಿಕೆ ನಮಗೆ ದೊಡ್ಡವರಿಗೆ ಮಾತ್ರ ಎಂದುಕೊಂಡಿದ್ದೆ. ನಮ್ಮೆಲ್ಲರಿಗಿಂತ ಹೆಚ್ಚು ಹೆದರಿದ್ದವಳು ನನ್ನ ಕಣ್ಣೆದುರಿನ ಬೆಂಚಿನಲ್ಲಿ ಕೂತು ಲೆಕ್ಕ ಮಾಡುತ್ತಿದ್ದಳು, ನಾನು ನೋಡಿರಲಿಲ್ಲ.

‘ಅವಳ ಪ್ರಾಯಶ್ಚಿತ್ತ ನಾವು ನೋಡಿಕೊಳ್ತೇವೆ’ ಎಂದರು ಇಂದ್ರರು. ‘ಪರೀಕ್ಷೆ ನೀವು ನೋಡಿಕೊಳ್ಳಿ. ಪಪ್ಪಾಯಿ ನಮ್ಮ ಹಿತ್ತಿಲಲ್ಲೇ ಉಂಟು, ತಿಂತಾ ಇದ್ದಾಳೆ. ನಾಳೆಯಿಂದ ಬರ್ತಾಳೆ.’

ಮಾತಿನಲ್ಲಿ ಹೊತ್ತು ಹೋದದ್ದು ಯಾರಿಗೂ ತಿಳಿದಿರಲಿಲ್ಲ. ಹೊರಗೆ ಮೋಡದ ಕತ್ತಲು, ಅದರ ಮೇಲೆ ಸಂಜೆಯ ಕತ್ತಲು. ಇಂದ್ರರು ಆಕಾಶ ನೋಡಿ, ‘ಹೊತ್ತು ಮುಳುಗಿತು. ಇವತ್ತಿನ ಊಟ ಹೋಯಿತು’ ಎಂದು ಸ್ವಲ್ಪ ನಕ್ಕರು. ಅವರು ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು. ಕೊಡೆ ತೆಗೆದುಕೊಂಡು ಮೆಟ್ಟಿಲ ತಲೆಯಲ್ಲಿ ನಿಂತರು. ಕೆಳಗೆ ಏನೂ ಕಾಣದೆ ಕಾಲಿನಿಂದ ತಡಕಾಡಿದರು. ಲಾಟೀನು ತರುತ್ತೇನೆಂದು ಮಿಸ್ಸಮ್ಮ ಕೋಣೆಯ ಕಡೆ ಓಡಿದರು.

ಅಷ್ಟರಲ್ಲಿ ಸುಮತಿ ಎರಡು ಮೆಟ್ಟಿಲು ಮುಂದೆ ಇಳಿದು, ತಿರುಗಿ ಅಜ್ಜನ ಕೈ ಹಿಡಿದಳು.

‘ಮೂರನೇ ಮೆಟ್ಟಿಲು ಒಡೆದಿದೆ ಅಜ್ಜ. ಈಚೆ ಬದಿಯಲ್ಲಿ ಕಾಲಿಡಿ. ನನಗೆ ಕಾಣ್ತದೆ.’

ಮಿಸ್ಸಮ್ಮ ಬಾಗಿಲಲ್ಲೇ ನಿಂತುಬಿಟ್ಟರು. ಇಂದ್ರರು ಮೊಮ್ಮಗಳ ಮುಖ ನೋಡಿದರು, ಹಿಂದೆ ತಿರುಗಿ ಮಿಸ್ಸಮ್ಮನ ಮುಖ ನೋಡಿದರು. ಅವಳು ತೋರಿಸಿದ ಕಡೆಯಲ್ಲಿ ಕಾಲಿಟ್ಟು ಇಳಿದರು.